ಬೆರಳಗಲದ ಸಂದಿ

ಭೂಗೋಳದ ಮೇಷ್ಟ್ರಿಗೆ ಜಗತ್ತಿನ ಗಾಳಿಗಳೆಲ್ಲ ಗೊತ್ತು. ಹಗಲು ಸಮುದ್ರದಿಂದ ಬೀಸುವ ಗಾಳಿ, ರಾತ್ರಿ ನೆಲದಿಂದ ಬೀಸುವ ಗಾಳಿ, ಮರುಭೂಮಿಯಲ್ಲಿ ಮರಳೆಬ್ಬಿಸುವ ಗಾಳಿ, ಧ್ರುವದಲ್ಲಿ ಮೂಗು ಕೊಯ್ಯುವ ಗಾಳಿ. ಯಾವುದು ಎಲ್ಲಿ ಹುಟ್ಟಿ ಎಲ್ಲಿ ಅಡಗುತ್ತದೆಂದು ಏಳನೇ ತರಗತಿಯ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಬಲ್ಲರು. ಆದರೆ ತಮ್ಮದೇ ಮಲಗುವ ಕೋಣೆಗೆ ನುಗ್ಗುತ್ತಿದ್ದ ಒಂದು ಗಾಳಿಯ ಮುಂದೆ ಅವರ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಗಾಳಿ ಬರುತ್ತಿದ್ದದ್ದು ಹೊಸ ಕಿಟಕಿಗಳಿಂದ. ಹಳೆಯವನ್ನು ಗೆದ್ದಲು ತಿಂದಿತ್ತು. ಹೆಂಡತಿ ಹೇಳಿ ಹೇಳಿ ಸಾಕಾಗಿ ಹೇಳುವುದನ್ನೇ ಬಿಟ್ಟ ಮೇಲೆ ಮೇಷ್ಟ್ರಿಗೆ ಭಯ ಹುಟ್ಟಿ ಕಿಟಕಿಯವನನ್ನು ಕರೆಸಿದ್ದರು. ಅವನು ನಿನ್ನೆ ಬಂದು ಹಳೆಯದನ್ನು ಕಿತ್ತು, ಎರಡು ಹೊಸ ಮರದ ಕಿಟಕಿ ನಿಲ್ಲಿಸಿಹೋಗಿದ್ದ. ಒಳ್ಳೆಯ ಮರ, ದಪ್ಪ ಗಾಜು, ಹಿತ್ತಾಳೆಯ ಹಿಡಿಕೆ. ಮೇಷ್ಟ್ರು ಹೇಳಿದ್ದು ಕಬ್ಬಿಣದ ಹಿಡಿಕೆ. ಆದರೆ ಕೇಳಿದ್ದಕ್ಕಿಂತ ಒಳ್ಳೆಯದು ಕೈಗೆ ಬಂದದ್ದು ಈ ಜನ್ಮದಲ್ಲಿ ಅದೇ ಮೊದಲಾದ್ದರಿಂದ ಅವರು ತುಟಿ ಬಿಚ್ಚಲಿಲ್ಲ.

ಕೊರತೆ ಒಂದೇ. ಚೌಕಟ್ಟಿಗೂ ಗೋಡೆಗೂ ನಡುವೆ ಸುತ್ತಲೂ ಬೆರಳಗಲದ ಸಂದಿ.

"ಇದೇನಪ್ಪಾ, ಕಿಟಕಿ ಗೋಡೆಗೆ ತಾಗ್ತಾನೇ ಇಲ್ವಲ್ಲ?" ಎಂದು ಮೇಷ್ಟ್ರು ಕೇಳಿದ್ದರು.

"ಮರ ಅಲ್ವಾ ಸಾರ್, ಉಸಿರಾಡ್ಬೇಕು," ಎಂದಿದ್ದ ಕಿಟಕಿಯವನು, ಸಂದಿಯಲ್ಲಿ ನಾಲ್ಕು ಮರದ ಚೂರು ಬಡಿಯುತ್ತ. "ಹಿಗ್ಗುತ್ತೆ, ಕುಗ್ಗುತ್ತೆ. ಆ ಸಂದೀಗೆ ಏನಾದ್ರೂ ತುಂಬಿಸ್ಕೊಳ್ಳಿ. ಅದು ನಮ್ಮ ಕೆಲಸದಲ್ಲಿ ಬರಲ್ಲ."

ಮರ ಉಸಿರಾಡಿತೋ ಇಲ್ಲವೋ, ಮನೆಯವರ ಉಸಿರು ಕಟ್ಟಿತು. ಇಡೀ ರಾತ್ರಿ ಗಾಳಿ ಸಂದಿಯಲ್ಲಿ ಸೀಟಿ ಹೊಡೆಯಿತು. ಎಂಟು ತಿಂಗಳ ಮಗಳು ಶೀತ ಹಿಡಿದು, ಮೂಗು ಕಟ್ಟಿ ಅತ್ತಳು. ಬೆಳಗಾಗುವಷ್ಟರಲ್ಲಿ ಹೆಂಡತಿ ಮಗುವನ್ನು ಶಾಲಿನಲ್ಲಿ ಸುತ್ತಿ, ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲೊಂದು ಮೇಣದಬತ್ತಿ.

"ನಾನು ಅಕ್ಕನ ಮನೇಗೆ ಹೋಗ್ತಿದೀನಿ ರೀ. ಸಾಯಂಕಾಲ ಬಂದು ಈ ಬತ್ತೀನ ಕಿಟಕಿ ಹತ್ರ ಹಚ್ಚಿಡ್ತೀನಿ. ದೀಪ ಅಲ್ಲಾಡದೆ ನಿಂತ್ರೆ ಸರಿ. ಅಲ್ಲಾಡ್ತೋ, ಚಳಿಗಾಲ ಮುಗಿಯೋ ತನಕ ನಾನೂ ಮಗೂನೂ ಅಲ್ಲೇ."

"ಚಳಿಗಾಲ ಮುಗಿಯೋದು ಯಾವಾಗ್ಲೋ..."

"ಭೂಗೋಳದ ಮೇಷ್ಟ್ರು ನೀವು. ನಿಮಗೇ ಗೊತ್ತಿರುತ್ತೆ," ಎಂದು ಮೇಣದಬತ್ತಿಯನ್ನು ಅವರ ಕೈಗಿಟ್ಟು ಮೆಟ್ಟಿಲಿಳಿದಳು.

ಮಗು ಗಟ್ಟಿಯಾಗಿ ನಗಲು ಕಲಿತದ್ದು ಈಚೆಗಷ್ಟೇ. ಆ ನಗುವನ್ನೇ ಹೆಂಡತಿ ಹಿಡಿದು ಮೇಷ್ಟ್ರ ಫೋನಿಗೆ ರಿಂಗ್‌ಟೋನ್ ಮಾಡಿಕೊಟ್ಟಿದ್ದಳು. ಬೈಯಲೆಂದೇ ಯಾರಾದರೂ ಫೋನ್ ಮಾಡಿದರೂ ಮೊದಲು ಮಗು ಕೇಕೆ ಹಾಕಿ ನಗುತ್ತಿತ್ತು. ಇನ್ನು ಚಳಿಗಾಲವಿಡೀ ಆ ನಗು ಫೋನಿನಲ್ಲಷ್ಟೇ ಎಂಬುದನ್ನು ನೆನೆದು ಅವರಿಗೆ ಅಳುವೇ ಬಂತು.

ಮೊದಲು ಹೆಡ್ಮಾಸ್ಟರಿಗೆ ಫೋನ್ ಮಾಡಿ ರಜೆ ಕೇಳಿದರು.

"ಗಾಳಿ ಬರುತ್ತೆ ಅಂತ ರಜೇನಾ?" ಹೆಡ್ಮಾಸ್ಟರು ನಕ್ಕರು. "ನಮ್ಮ ಸ್ಟಾಫ್ ರೂಮಿನ ಕಿಟಕೀಗೆ ಗಾಜೇ ಇಲ್ವಲ್ರೀ. ಬಂದು ಅಲ್ಲಿ ಕೂತ್ಕೊಳ್ಳಿ, ಅಭ್ಯಾಸ ಆಗುತ್ತೆ." ಕೊನೆಗೆ ಒಂದು ದಿನಕ್ಕೆ ಒಪ್ಪಿದರು.

ಆಮೇಲೆ ಕಿಟಕಿಯವನಿಗೆ ಮಾಡಿದರು. ಅವನು ಎತ್ತಲಿಲ್ಲ. ಕೆಲಸ ಮುಗಿಸಿದವನು ಫೋನ್ ಎತ್ತಿದ ಉದಾಹರಣೆ ಯಾವ ಖಂಡದಲ್ಲೂ ಇಲ್ಲವೆಂದುಕೊಂಡು ಮೇಷ್ಟ್ರು ಹಳೆಯ ಪತ್ರಿಕೆಗಳನ್ನು ಎತ್ತಿಕೊಂಡರು. ಒಂದೊಂದೇ ಹಾಳೆಯನ್ನು ಸುರುಳಿ ಸುತ್ತಿ ಸಂದಿಗೆ ತುರುಕಿದರು. ಗಾಳಿ ಒಂದೊಂದನ್ನೇ ಹೊರಗೆ ನೂಕಿ, ಬಿಚ್ಚಿ, ಕೋಣೆ ದಾಟಿಸಿ, ತೆರೆದ ಬಾಗಿಲಿನಿಂದ ಎದುರುಮನೆಗೆ ಸಾಗಿಸಿತು. ಅಲ್ಲಿ ಟೈಲರಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಏನ್ ಮೇಷ್ಟ್ರೇ, ಓದಿ ಆದ್ಮೇಲೆ ನನ್ನ ಮನೇಗೆ ಎಸೀತಿದೀರಾ?" ಎಂದು ಹಾಳೆಗಳನ್ನು ಹಿಡಿದುಕೊಂಡೇ ಬಂದಳು. ಸಂದಿ ನೋಡಿದಳು. ಗಲ್ಲಕ್ಕೆ ಕೈಯಿಟ್ಟಳು. "ಅಯ್ಯೋ, ಕಾಗದ ಎಲ್ಲಾದ್ರೂ ನಿಲ್ಲುತ್ತಾ? ಸಂದಿ ಅಂದ್ರೆ ಹರಿದ ಅಂಗಿ ಇದ್ದ ಹಾಗೆ. ಬಟ್ಟೇನೇ ಬೇಕು."

ಮೇಷ್ಟ್ರು ಬೇಡವೆನ್ನುವ ಮೊದಲೇ ಕತ್ತರಿಸಿದ ಬಟ್ಟೆಯ ಚೂರುಗಳ ಮೂಟೆ ಬಂತು. ಟೈಲರಕ್ಕ ಕತ್ತರಿಯ ತುದಿಯಿಂದ ಚೂರುಗಳನ್ನು ಒಳಗೆ ತಳ್ಳುತ್ತ ಹೋದಳು. ಕೆಂಪು, ಹಳದಿ, ಚುಕ್ಕಿಯದು, ಗೀಟಿನದು. ಕಿಟಕಿಗಳು ಮದುವೆಗೆ ಹೊರಟ ಹಾಗೆ ಕಂಡವು. ಗಾಳಿ ಮಾತ್ರ ಬಣ್ಣ ಬಣ್ಣದ ಬಟ್ಟೆಯೊಳಗಿಂದ ಇನ್ನೂ ತಣ್ಣಗೆ ಬಂತು.

ಅಷ್ಟರಲ್ಲಿ ಮೇಲಿನ ಮನೆಯ ಗಾರ್ಡ್ ಸಾಹೇಬರು ಇಳಿದುಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತರಾದರೂ ಇಡೀ ಕಟ್ಟಡ ತಮ್ಮ ಹಸಿರು ಬಾವುಟಕ್ಕೆ ಕಾಯುತ್ತಿದೆಯೆಂಬ ನಂಬಿಕೆ ಅವರಿಂದ ನಿವೃತ್ತವಾಗಿರಲಿಲ್ಲ.

"ಬಟ್ಟೆ ಗಾಳೀನ ಸೋಸುತ್ತೆ ಮೇಷ್ಟ್ರೇ, ತಡೆಯೋದಿಲ್ಲ," ಎಂದು ಬಾಗಿಲಿನಿಂದಲೇ ತೀರ್ಪು ಕೊಟ್ಟರು. "ಇದನ್ನ ಯಾರು ಹೀಗೆ ಸಡಿಲ ಕೂರಿಸಿದ್ದು? ನನಗೂ ಅವನೇ ಕಿಟಕಿ ಮಾಡಿಕೊಟ್ಟಿರೋದು. ಗೋಡೆಗೆ ಒರಗಿಸಿಟ್ಟು ಹೋಗಿದಾನೆ. ಬಿಗಿ ಅಂದ್ರೆ ಬಿಗಿ! ಕೆಲಸ ಅಂದ್ರೆ ಹಾಗಿರ್ಬೇಕು. ಅವನು ಬಂದು ಹೆರೆದು ಕೂರಿಸ್ತೀನಿ ಅಂದ. ನಾನ್ಯಾಕೆ ಕಾಯ್ಲಿ? ನಾನೇ ಹೆರೀತೀನಿ. ಒಂದು ಉಜ್ಜುಗೊರಡು ಇದ್ರೆ ಕೊಡಿ."

ಮರ ಹೆರೆಯುವ ಉಜ್ಜುಗೊರಡು ಮೇಷ್ಟ್ರ ಹತ್ತಿರ ಇತ್ತು. ಬಡಗಿಯಾಗಿದ್ದ ಮಾವನವರು, ಅಳಿಯ ಯಾವತ್ತಾದರೂ ಮನುಷ್ಯನಾದಾನೆಂಬ ಆಸೆಯಿಂದ ಕೊಟ್ಟದ್ದು. ಸಾಣೆ ಹಿಡಿಸಿದ್ದು ಹಾಗೇ ಇತ್ತು. ಗಾರ್ಡ್ ಸಾಹೇಬರು ಅದನ್ನು ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಹಿಡಿಕೆಯನ್ನೊಮ್ಮೆ ತಿರುಗಿಸಿದರು.

"ಹಿತ್ತಾಳೆ! ಭೇಷ್. ನಾನೂ ಇದನ್ನೇ ಹೇಳಿರೋದು. ಸದ್ಯಕ್ಕೆ ಕಬ್ಬಿಣದ್ದು ಹಾಕಿಟ್ಟಿದಾನೆ, ಆಮೇಲೆ ಬದಲಾಯಿಸ್ತಾನೆ. ಇರ್ಲಿ, ನಿಮಗೊಂದು ವಸ್ತು ಕೊಡ್ತೀನಿ."

ಮೇಲೆ ಹೋಗಿ ಒಂದು ಡಬ್ಬಿ ತಂದರು. ಒತ್ತಿದರೆ ನೊರೆಯಂಥ ಫೋಮ್ ಬರುವ, ಬಂದದ್ದು ಉಬ್ಬಿ ಗಟ್ಟಿಯಾಗುವ ಡಬ್ಬಿ. ಅದರ ಮೇಲೆ ಬರೆದದ್ದನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರು. ಸಂದಿಯ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಉಳಿದದ್ದು ತಾನೇ ಉಬ್ಬುತ್ತದೆ, ಎಂದಿತ್ತು.

"ಅದನ್ನ ಬರೆದವನ ಮಗೂಗೆ ಶೀತ ಆಗಿತ್ತಾ?" ಎಂದರು ಗಾರ್ಡ್ ಸಾಹೇಬರು. "ಮೂರನೇ ಒಂದು ಭಾಗ ತುಂಬಿಸಿದ್ರೆ ಮೂರನೇ ಒಂದು ಭಾಗ ಹೆಂಡ್ತಿ ವಾಪಸ್ ಬರ್ತಾರೆ. ತುಂಬಿಸಿ, ಪೂರ್ತಿ!"

ಹೇಳಿ ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಚಾವಣಿಯ ಮೇಲಿನಿಂದ ಸರ್‍ರ್... ಸರ್‍ರ್... ಎಂದು ಹೆರೆಯುವ ಸದ್ದು ಶುರುವಾಯಿತು. ಅದು ಸಂಜೆಯವರೆಗೂ ನಿಲ್ಲಲಿಲ್ಲ.

ಮೇಷ್ಟ್ರು ಪೂರ್ತಿ ತುಂಬಿಸಿದರು.

ಮೊದಲು ಏನೂ ಆಗಲಿಲ್ಲ. ಮೇಷ್ಟ್ರು ನೆಮ್ಮದಿಯಿಂದ ಹಿಂದೆ ಸರಿದು ನೋಡುತ್ತಿದ್ದಂತೆ ಫೋಮ್ ಹುದುಗು ಬಂದ ಹಿಟ್ಟಿನ ಹಾಗೆ ಎದ್ದಿತು. ಟೈಲರಕ್ಕನ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಹೊರಗೆ ಉಗುಳಿತು. ಚೌಕಟ್ಟಿನ ಮೇಲೆ ಹರಿದು, ಕಿಟಕಿಯ ಬಾಗಿಲನ್ನು ಅಪ್ಪಿ, ಪರದೆಯ ಅಂಚನ್ನು ನುಂಗಿತು. ತಡೆಯಲು ಹೋದ ಮೇಷ್ಟ್ರ ಎರಡು ಬೆರಳು ಪರದೆಗೆ ಅಂಟಿದವು. ಬಿಡಿಸಲು ಹೋದ ಟೈಲರಕ್ಕನ ಕತ್ತರಿ ಮೇಷ್ಟ್ರ ತೋಳಿಗೆ ಅಂಟಿತು.

"ಅಲ್ಲಾಡ್ಬೇಡಿ ಮೇಷ್ಟ್ರೇ! ಇದು ಬೇರೆಯವರ ಮದುವೆ ಬಟ್ಟೆ ಹೊಲಿಯೋ ಕತ್ತರಿ!"

"ನನ್ನ ತೋಳು ಯಾರದು ಅಕ್ಕಾ?" ಎಂದು ಮೇಷ್ಟ್ರು ನರಳಿದರು.

ತೋಳು ಬಿಡಿಸಿಕೊಳ್ಳುವಾಗ ಒಂದಿಷ್ಟು ಚರ್ಮ ಕತ್ತರಿಯ ಪಾಲಾಯಿತು. ಸಂಕಟ ಅಲ್ಲಿಗೇ ಮುಗಿಯಲಿಲ್ಲ. ಎಲ್ಲಾದರೂ ತೂತು ಉಳಿದಿದೆಯೇ ಎಂದು ಮೇಷ್ಟ್ರು ಫೋನಿನ ಟಾರ್ಚ್ ಹಾಕಿ ಪಕ್ಕದ ಸಂದಿಗೆ ಇಣುಕಿದರು. ಬೆರಳಲ್ಲಿ ಫೋಮ್, ಫೋನಿನಲ್ಲೂ ಫೋಮ್. ಜಾರಿತು. ಬೆರಳಗಲದ ಸಂದಿಗೆ ಹೇಳಿ ಮಾಡಿಸಿದ ಅಳತೆಯಲ್ಲಿದ್ದ ಫೋನು ನೇರ ಒಳಗಿಳಿಯಿತು. ಸುತ್ತಲಿನ ಫೋಮ್ ನಿಧಾನವಾಗಿ ಅದರ ಮೇಲೆ ಬಾಯಿ ಮುಚ್ಚಿಕೊಂಡಿತು.

ಮೇಷ್ಟ್ರು ಅಡುಗೆಮನೆಯಿಂದ ಚಾಕು ತರಲು ಓಡಿದರು. ಟೈಲರಕ್ಕ ಅಡ್ಡ ನಿಂತಳು.

"ಕೈ ಹಾಕ್ಬೇಡಿ! ಈಗ ಕಿತ್ರೆ ಸಂದಿ ಮತ್ತೆ ಬಾಯಿ ಬಿಡುತ್ತೆ. ಡಬ್ಬೀನೂ ಖಾಲಿ."

"ನನ್ನ ಫೋನು ಅಕ್ಕಾ..."

"ಫೋನ್ ಬೇಕೋ, ಹೆಂಡ್ತಿ ಮಗು ಬೇಕೋ? ನೀವೇ ಹೇಳಿ."

ಮೇಷ್ಟ್ರು ಚಾಕು ಕೆಳಗಿಟ್ಟರು. ಆ ಕ್ಷಣಕ್ಕೇ ಗೋಡೆಯೊಳಗೆ ಮಗು ಕೇಕೆ ಹಾಕಿ ನಕ್ಕಿತು.

ಟೈಲರಕ್ಕ ಎರಡು ಹೆಜ್ಜೆ ಹಿಂದೆ ಹಾರಿದಳು. ಅದು ರಿಂಗ್‌ಟೋನ್ ಎಂದು ವಿವರಿಸುವಷ್ಟರಲ್ಲಿ ನಗು ನಿಂತು, ಮತ್ತೆ ಶುರುವಾಯಿತು. ಯಾರು ಫೋನ್ ಮಾಡುತ್ತಿರಬಹುದು? ಹೆಂಡತಿಯೇ ಇರಬೇಕು. ಮಗುವಿಗೆ ಜಾಸ್ತಿಯಾಗಿರಬಹುದೇ?

"ನನ್ನ ಫೋನಿಂದ ಮಾಡಿ, ನಂಬರ್ ಹೇಳಿ," ಎಂದಳು ಟೈಲರಕ್ಕ.

ಮೇಷ್ಟ್ರು ಬಾಯಿ ತೆರೆದರು. ಜಗತ್ತಿನ ರಾಜಧಾನಿಗಳೆಲ್ಲ ಅವರಿಗೆ ಬಾಯಿಪಾಠ. ಉದ್ದದ ನದಿ, ಎತ್ತರದ ಶಿಖರ, ಆಳದ ಸಾಗರ, ಯಾವುದನ್ನು ಕೇಳಿದರೂ ನಿದ್ದೆಯಲ್ಲೂ ಹೇಳುತ್ತಿದ್ದರು. ಹೆಂಡತಿಯ ನಂಬರು ಇದ್ದದ್ದು ಮಾತ್ರ ಗೋಡೆಯೊಳಗೆ.

ಟೈಲರಕ್ಕ ತನ್ನ ಹೊಲಿಗೆಗೆ ಹೋದಳು. ಅಕ್ಕನ ಮನೆಗೆ ಓಡಿಹೋಗಿ ಬರೋಣವೆಂದರೆ ಫೋಮ್ ಇನ್ನೂ ಹಸಿ, ಯಾವ ಗಳಿಗೆಯಲ್ಲಿ ಯಾವ ಕಡೆ ಉಬ್ಬುತ್ತದೋ ಗೊತ್ತಿಲ್ಲ. ಎಲ್ಲೂ ಹೋಗಲಾರದೆ ಮೇಷ್ಟ್ರು ಕಿಟಕಿಯ ಕೆಳಗೆ ನೆಲದ ಮೇಲೆ ಕೂತರು. ಮಧ್ಯಾಹ್ನ ಊಟ ಮಾಡುವುದೂ ನೆನಪಾಗಲಿಲ್ಲ. ಮೇಲೆ ಸರ್‍ರ್... ಸರ್‍ರ್... ಪಕ್ಕದಲ್ಲಿ ಗೋಡೆ ಆಗಾಗ ನಗುತ್ತಿತ್ತು. ಇಷ್ಟು ದಿನ ಆ ನಗು ಕೇಳಿ ಅರಳುತ್ತಿದ್ದ ಮನುಷ್ಯ ಈಗ ಒಂದೊಂದು ಸಲ ನಕ್ಕಾಗಲೂ ಕಿವಿ ಮುಚ್ಚಿಕೊಂಡು, ಮುಚ್ಚಿಕೊಂಡದ್ದಕ್ಕೆ ತಮ್ಮನ್ನೇ ಬೈದುಕೊಂಡರು. ತಾನೊಬ್ಬ ಗಂಡನೇ, ತಾನೊಬ್ಬ ಅಪ್ಪನೇ ಎನ್ನಿಸಿತು.

ಹೊತ್ತು ಇಳಿಯುವಾಗ ಫೋಮ್ ಗಟ್ಟಿಯಾಯಿತು. ಮೇಷ್ಟ್ರು ಎದ್ದು, ಚಾಚಿಕೊಂಡದ್ದನ್ನೆಲ್ಲ ಚಾಕುವಿನಿಂದ ಗೋಡೆಯ ಮಟ್ಟಕ್ಕೆ ಕೊಯ್ದರು. ಫೋನಿದ್ದ ಕಡೆ ಮಾತ್ರ ಚಾಕು ಮುಟ್ಟಿಸಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಬಿಳಿ ಸೀಲೆಂಟ್ ಅಂಟು ತಂದು ಅಂಚಿನುದ್ದಕ್ಕೂ ಎಳೆದು, ಒದ್ದೆ ಬೆರಳಿನಿಂದ ಸವರಿದರು. ಭೂಪಟದಲ್ಲಿ ನದಿ ಬರೆದ ಕೈ ಅದು. ಗೆರೆ ಚೆನ್ನಾಗಿಯೇ ಬಂತು. ಪಕ್ಕದಲ್ಲಿ ಅಂಗೈ ಹಿಡಿದು ನೋಡಿದರು. ಗಾಳಿಯಿಲ್ಲ. ಕೆನ್ನೆ ಹಿಡಿದು ನೋಡಿದರು. ಇಲ್ಲವೇ ಇಲ್ಲ. ಕಿಟಕಿಗಳು ತೆರೆಯಲಾರದಂತೆ ಅಂಟಿಕೊಂಡಿದ್ದವು, ನಿಜ. ಆದರೆ ತೆರೆದಿಡುವಂಥ ಕಿಟಕಿಯಿಂದ ಅವರಿಗೆ ಸುಖ ಸಿಕ್ಕಿದ್ದಾದರೂ ಯಾವಾಗ?

ಮೆಟ್ಟಿಲಲ್ಲಿ ಹೆಂಡತಿಯ ಚಪ್ಪಲಿಯ ಸದ್ದಾಯಿತು.

"ಮಗು ಹೇಗಿದೆ? ಫೋನ್ ಮಾಡಿದ್ಯಾ?" ಎಂದು ಮೇಷ್ಟ್ರು ಬಾಗಿಲಿಗೇ ಓಡಿದರು.

"ಚೆನ್ನಾಗಿದಾಳೆ. ನಾನ್ಯಾಕೆ ಫೋನ್ ಮಾಡ್ಲಿ? ಬತ್ತಿ ಎಲ್ಲಿ?"

ಹೆಂಡತಿ ಚೀಲವನ್ನು ಹೆಗಲಲ್ಲಿ, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬತ್ತಿ ಹಚ್ಚಿ ಮೊದಲ ಕಿಟಕಿಯ ಕೆಳಗೆ ನಿಲ್ಲಿಸಿದಳು. ದೀಪ ನೆಟ್ಟಗೆ ನಿಂತಿತು. ಎರಡನೆಯದರ ಕೆಳಗಿಟ್ಟಳು. ಅಲ್ಲೂ ನಿಂತಿತು. ಮೂಲೆಗಳಿಗೆ ಹಿಡಿದಳು, ಮೇಲಕ್ಕೆತ್ತಿ ಹಿಡಿದಳು. ಮೇಷ್ಟ್ರು ತಮ್ಮ ಉಸಿರಿಗೇ ಎಲ್ಲಿ ಅಲ್ಲಾಡುವುದೋ ಎಂದು ಉಸಿರು ಬಿಗಿಹಿಡಿದಿದ್ದರು.

"ರೀ," ಎಂದಳು ಹೆಂಡತಿ ಮೆಲ್ಲಗೆ, "ಅಲ್ಲಾಡ್ತಾನೇ ಇಲ್ಲ ರೀ."

ಚೀಲ ಕೆಳಗಿಳಿಯಿತು. ಮಗುವನ್ನು ಮಂಚದ ಮೇಲೆ ಮಲಗಿಸಿ ಹೊದಿಸಿದಳು. ಗಂಡನ ಅಂಟು ಅಂಟು ಕೈ, ಸುಲಿದ ತೋಳು, ತಲೆಗೂದಲಲ್ಲಿ ಸಿಕ್ಕಿಕೊಂಡ ಫೋಮಿನ ಉಂಡೆ, ಒಂದೊಂದನ್ನೇ ನೋಡಿದಳು. "ಪಾಪ, ಏನೂ ತಿಂದಿಲ್ಲ ಅನ್ಸುತ್ತೆ. ಕೂತ್ಕೊಳ್ಳಿ, ಬಿಸಿಯಾಗಿ ಏನಾದ್ರೂ ಮಾಡ್ತೀನಿ," ಎಂದಳು. ಮದುವೆಯಾದ ಮೇಲೆ ಅಷ್ಟು ಮೃದುವಾದ ಮಾತು ಮೇಷ್ಟ್ರ ಕಿವಿಗೆ ಬಿದ್ದದ್ದು ಅಪರೂಪ. ಅವರ ಕಣ್ಣು ತುಂಬಿತು.

ಆಗ ಗೋಡೆ ನಕ್ಕಿತು.

ಹೆಂಡತಿ ಮಂಚದ ಮೇಲಿದ್ದ ಮಗುವನ್ನು ನೋಡಿದಳು. ಮಗು ಗೋಡೆಯನ್ನು ನೋಡುತ್ತಿತ್ತು. "ಏನ್ರೀ ಅದು?" ಎನ್ನುವಷ್ಟರಲ್ಲಿ ಬಾಗಿಲಲ್ಲಿ ಕಿಟಕಿಯವನು, ಕಿವಿಗೆ ಫೋನ್ ಹಿಡಿದುಕೊಂಡು.

"ಏನ್ ಸಾರ್ ನೀವು! ಆಗ್ಲಿಂದ ಮಾಡ್ತಾನೇ ಇದೀನಿ, ಎತ್ತೋದೇ ಇಲ್ವಲ್ಲ!" ಎಂದು ಫೋನ್ ಕೆಳಗಿಳಿಸಿದ. ಗೋಡೆ ನಗು ನಿಲ್ಲಿಸಿತು. "ಮೇಲಿನ ಸಾಹೇಬ್ರೂ ಎತ್ತಲ್ಲ. ಕೆಲಸದ ಹೊತ್ತಲ್ಲಿ ಫೋನ್ ಮುಟ್ಟೋದಿಲ್ವಂತೆ. ಒಂದು ತಪ್ಪಾಗ್ಬಿಟ್ಟಿದೆ ಸಾರ್. ಇದು ನಿಮ್ಮ ಕಿಟಕಿ ಅಲ್ಲ. ಮೇಲಿನ ಮನೇದು. ನಿಮ್ಮದು ಅಲ್ಲಿಗೆ ಹೋಗಿದೆ. ಗಾಡಿಯಿಂದ ಇಳಿಸೋವಾಗ ಅದಲುಬದಲಾಯ್ತು."

ಅವನ ಬೆನ್ನ ಹಿಂದೆಯೇ ಗಾರ್ಡ್ ಸಾಹೇಬರು. ಮೀಸೆಯ ತುಂಬ ಮರದ ಹೊಟ್ಟು.

ಮೇಷ್ಟ್ರು ಕಿಟಕಿಗೆ ಬೆನ್ನು ಕೊಟ್ಟು ನಿಂತರು. "ತಪ್ಪಾಗಿದ್ರೆ ಆಗಿರ್ಲಿ. ನಿಮ್ಮದು ನಿಮ್ಮ ಗೋಡೇಲಿ ಕೂತಿದೆ, ನಮ್ಮದು ನಮ್ಮ ಗೋಡೇಲಿ ಕೂತಿದೆ. ಯಾರಿಗೂ ತೊಂದರೆ ಇಲ್ವಲ್ಲ!"

"ಹಿತ್ತಾಳೆ!" ಎಂದರು ಗಾರ್ಡ್ ಸಾಹೇಬರು.

"ಹಿಡಿಕೆ ಬಿಚ್ಕೊಂಡು ಹೋಗಿ ಸಾರ್. ಈಗ್ಲೇ ಬಿಚ್ಚಿಕೊಡ್ತೀನಿ," ಎಂದು ಮೇಷ್ಟ್ರು ಗೋಗರೆದರು.

"ಮರ? ದಪ್ಪ ಗಾಜು? ಫಸ್ಟ್ ಕ್ಲಾಸ್ ಟಿಕೆಟ್ ತಗೊಂಡವನು ಜನರಲ್ ಬೋಗೀಲಿ ಕೂತ್ಕೋಬೇಕಾ? ಮೂವತ್ತು ವರ್ಷ ಇಂಥವರನ್ನ ಎಬ್ಬಿಸಿ ಕಳಿಸಿದೋನು ನಾನು!"

"ಅವರದ್ದು ಅವರಿಗೆ ಕೊಡೋದೇ ನ್ಯಾಯ ಮೇಷ್ಟ್ರೇ," ಎಂದು ಸದ್ದು ಕೇಳಿ ಬಂದ ಟೈಲರಕ್ಕನೂ ಒಗ್ಗರಣೆ ಹಾಕಿದಳು.

ಕಿಟಕಿಯವನು ಗರಗಸ ತೆಗೆದ. ದಿನವಿಡೀ ಉಬ್ಬಿದ ಫೋಮ್ ಗಳಿಗೆಯಲ್ಲಿ ಸೀಳಿಹೋಯಿತು. ಫೋನು ಬಿಳಿ ಉಂಡೆಯಾಗಿ ನೆಲಕ್ಕೆ ಬಿತ್ತು. ಕಿಟಕಿಗಳು ಗೋಡೆ ಬಿಟ್ಟು ಈಚೆ ಬಂದದ್ದೇ, ಹೊರಗೆ ಕಾದಿದ್ದ ಗಾಳಿ ಮನೆಯವರ ಹಾಗೆ ಒಳಗೆ ಬಂತು. ಮೇಣದಬತ್ತಿ ಆರಿತು. ಮಗು ಸೀನಿತು. ಹೆಂಡತಿಯ ಕೈ ಚೀಲದ ಪಟ್ಟಿಯ ಮೇಲೆ ಹೋಯಿತು.

ಮೇಷ್ಟ್ರಿಗೆ ಆಗ ಮಿಂಚಿನಂತೆ ಒಂದು ಯೋಚನೆ ಹೊಳೆಯಿತು.

"ತಾಳು, ತಾಳು! ಸಂದಿ ಬಂದಿದ್ದೇ ಇದು ಅವರ ಅಳತೇದು ಅಂತ ಅಲ್ವಾ? ನಮ್ಮದು ನಮ್ಮ ಗೋಡೆ ಅಳತೇಗೇ ಮಾಡಿರೋದು ತಾನೇ?"

"ನಾನೇ ಅಳತೆ ತಗೊಂಡಿದ್ದು ಸಾರ್," ಎಂದ ಕಿಟಕಿಯವನು. "ಕೂರಿಸಿದ್ರೆ ಕಾಗದದ ಹಾಳೆ ತೂರಲ್ಲ. ಫೋಮೂ ಬೇಡ, ಏನೂ ಬೇಡ."

"ಕೇಳಿದ್ಯಾ?" ಎಂದು ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವಳ ಕೈ ಪಟ್ಟಿಯ ಮೇಲೇ ಇತ್ತು, ಆದರೆ ಚೀಲ ಎತ್ತಿರಲಿಲ್ಲ. ಇನ್ನು ಹತ್ತು ನಿಮಿಷ, ಎಲ್ಲ ಸರಿಹೋಗುತ್ತದೆ ಎಂದು ಮೇಷ್ಟ್ರು ಮಗುವಿಗೂ ಹೇಳಿದರು.

ಕಿಟಕಿಯವನು ಮೇಲೆ ಹೋಗಿ, ಕಬ್ಬಿಣದ ಹಿಡಿಕೆಯ ಕಿಟಕಿಗಳನ್ನು ಹೊತ್ತು ತಂದು ಗೋಡೆಯೊಳಗೆ ನಿಲ್ಲಿಸಿದ. ಸುತ್ತ ಬೆರಳಾಡಿಸಿದ. ಹಿಂದೆ ಸರಿದು ನೋಡಿದ. ಟೇಪು ಹಿಡಿದು ಅಳೆದು, ತಲೆ ಕೆರೆದುಕೊಂಡು, ಮತ್ತೆ ಅಳೆದ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಸುತ್ತಲೂ ಬೆರಳಗಲದ ಸಂದಿ. ಅಳಿಯ ಅಲ್ಲ, ಮಗಳ ಗಂಡ.

ಎಲ್ಲರ ಕಣ್ಣೂ ನಿಧಾನವಾಗಿ ಗಾರ್ಡ್ ಸಾಹೇಬರ ಮೀಸೆಯ ಕಡೆ ತಿರುಗಿದವು.

"ಹೆರೆದಿದೀನಲ್ಲ," ಎಂದರು ಅವರು ಹೆಮ್ಮೆಯಿಂದ. "ನಾಲ್ಕೂ ಕಡೆ. ಎರಡನ್ನೂ. ಇಲ್ದಿದ್ರೆ ನನ್ನ ಗೋಡೆ ಒಳಗೆ ಹೋಗ್ತಿತ್ತಾ? ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು, ಕೆಳಗಿನ ಮನೆ ಅಂತಲೋ ಏನೋ. ಗಲೀಜು ಯಾಕೆ ಅಂತ ಮೊದಲು ಅದನ್ನೇ ಹೆರೆದೆ."

ಕಂಕುಳಿನಿಂದ ಉಜ್ಜುಗೊರಡನ್ನು ತೆಗೆದು, ಹೊಟ್ಟು ಒರೆಸಿ, ಮೇಷ್ಟ್ರ ಕೈಯಲ್ಲಿಟ್ಟರು. "ಏನು ಹರಿತ ಮೇಷ್ಟ್ರೇ ನಿಮ್ಮದು! ಬೆಣ್ಣೆ ಹೆರೆದ ಹಾಗೆ ಬಂತು. ನಿಮ್ಮ ಮಾವನವರು ದೊಡ್ಡ ಮನುಷ್ಯರು."

ತಮ್ಮ ಹಿತ್ತಾಳೆ ಹಿಡಿಕೆಯ ಕಿಟಕಿಗಳ ಹಿಂದೆ ಗಾರ್ಡ್ ಸಾಹೇಬರು ಮೆಟ್ಟಿಲು ಹತ್ತಿದರು. ಕಿಟಕಿಯವನು ಮರದ ಚೂರುಗಳನ್ನು ಬಡಿದು, "ಸಂದೀಗೆ ಏನಾದ್ರೂ ತುಂಬಿಸ್ಕೊಳ್ಳಿ ಸಾರ್," ಎಂದು ಹೇಳಿ ಹೋದ. ಟೈಲರಕ್ಕ ಬಟ್ಟೆಯ ಚೂರುಗಳನ್ನು ಗುಡ್ಡೆ ಮಾಡಿ, ಬೇಕಾದರೆ ಇರಲಿ ಎಂದು ಮೂಲೆಯಲ್ಲಿಟ್ಟಳು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ಶಾಲಿನಲ್ಲಿ ಸುತ್ತಿ, ಚೀಲ ಹೆಗಲಿಗೇರಿಸಿ, "ಬಾಗಿಲು ಹಾಕ್ಕೊಳ್ಳಿ, ನಿಮಗೂ ಶೀತ ಆಗುತ್ತೆ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಅವಳ ಹೆಗಲ ಮೇಲಿನಿಂದ ಮಗು ಅಪ್ಪನನ್ನೇ ನೋಡುತ್ತಿತ್ತು.

ಮೇಷ್ಟ್ರು ಮೊದಲಿನ ಜಾಗದಲ್ಲೇ, ಕಿಟಕಿಯ ಕೆಳಗೆ, ನೆಲದ ಮೇಲೆ ಕೂತರು. ಗಾಳಿ ಸೀಟಿ ಹೊಡೆಯಲು ಶುರುಮಾಡಿತು.

ಪಕ್ಕದಲ್ಲಿದ್ದ ಬಿಳಿ ಉಂಡೆ ನಕ್ಕಿತು. ಮೇಷ್ಟ್ರು ಕೂಡಲೇ ಎತ್ತಲಿಲ್ಲ. ಅದು ನಕ್ಕಷ್ಟು ನಗಲಿ ಎಂದು ಕಿವಿಯ ಹತ್ತಿರ ಹಿಡಿದು ಕೇಳಿಸಿಕೊಂಡರು. ಇನ್ನೇನು ನಿಲ್ಲುತ್ತದೆ ಎನ್ನುವಾಗ ಉಗುರಿನಿಂದ ಫೋಮ್ ಕೆರೆದು ಎತ್ತಿದರು.

"ಏನ್ರೀ ಮೇಷ್ಟ್ರೇ, ನಾಳೆ ಬರ್ತೀರಾ ತಾನೇ?" ಹೆಡ್ಮಾಸ್ಟರು. "ಸ್ಟಾಫ್ ರೂಮಿನ ಗಾಜು ಇನ್ನೂ ಹಾಕ್ಸಿಲ್ಲ, ಈಗ್ಲೇ ಹೇಳಿರ್ತೀನಿ. ಗಾಳಿ ಜೋರಿದೆ."

"ಬರ್ತೀನಿ ಸಾರ್," ಎಂದರು ಮೇಷ್ಟ್ರು. "ಅಭ್ಯಾಸ ಆಗಿದೆ."